ಹೊಟ್ಟೆಯಲ್ಲಿ ನೀರು: ತೆಗೆಸಿದರೆ ತಪ್ಪೇ?

ಲಂಗದ ಲಾಡಿ ಎಂದಿನ ಗಂಟಿಗೆ ಬರುವುದಿಲ್ಲ. ಬಳೆ ಮಾತ್ರ ಸಡಿಲವಾಗಿ ಮುಂಗೈಯಿಂದ ಮೇಲಕ್ಕೆ ಜಾರುತ್ತದೆ. ಕೆನ್ನೆ ಬತ್ತಿದೆ, ಕತ್ತಿನ ಮೂಳೆ ಎದ್ದು ಕಾಣುತ್ತಿದೆ, ಹೊಟ್ಟೆಯೊಂದು ದಿನದಿಂದ ದಿನಕ್ಕೆ ಮುಂದೆ ಬರುತ್ತಿದೆ. ಎರಡು ತುತ್ತು ಉಂಡರೆ ಸಾಕು, ಬಿಗಿತ. ‘ಗ್ಯಾಸ್ ಇರಬೇಕು’ ಎಂದು ಮನೆಯವರು ಓಮದ ಕಷಾಯ ಕಾಯಿಸುತ್ತಾರೆ. ಪಕ್ಕದ ಮನೆಯವರು ಜೀರಿಗೆ ನೀರು ಕುಡಿಯಲು ಹೇಳುತ್ತಾರೆ. ಔಷಧಿ ಅಂಗಡಿಯಲ್ಲಿ ಒಂದು ಸ್ಟ್ರಿಪ್ ಮಾತ್ರೆ ಸಿಗುತ್ತದೆ. ಹೀಗೆ ತಿಂಗಳು, ಎರಡು ತಿಂಗಳು ಕಳೆದುಹೋಗುತ್ತವೆ.

ಬೆಂಗಳೂರಿನ ಪಡುವಣ ಭಾಗದ ವಿಜಯನಗರವನ್ನೇ ತೆಗೆದುಕೊಳ್ಳಿ. (ಹಂಪಿಯ ವಿಜಯನಗರವಲ್ಲ, ಈ ಬಡಾವಣೆಯೊಳಗೂ ಒಂದು ಹಂಪಿನಗರವಿದೆ ಎಂಬುದು ಬೇರೆ ಮಾತು.) ಕಾಲೇಜು, ಟ್ಯೂಷನ್, ಬಾಡಿಗೆ, ಸಂಬಳದ ತಾರೀಖು ಇವುಗಳ ಸುತ್ತ ದಿನ ತಳ್ಳುವ ಇಂತಹ ಬಡಾವಣೆಯ ಮನೆಗಳಲ್ಲಿ ತಾಯಂದಿರು ತಮ್ಮ ಕಾಯಿಲೆಯನ್ನು ಮಕ್ಕಳ ಪರೀಕ್ಷೆಯ ಆಚೆಗೆ ಮುಂದೂಡುವುದು ಹೊಸತೇನಲ್ಲ. ‘ಪಿಯುಸಿ ಮುಗಿಯಲಿ, ಆಮೇಲೆ ನೋಡೋಣ’ ಎಂಬ ಮಾತಿನ ಹಿಂದೆ ಒಮ್ಮೊಮ್ಮೆ ದೊಡ್ಡ ಕಾಯಿಲೆಯೇ ಅಡಗಿರುತ್ತದೆ. ಅದು ಕ್ಯಾನ್ಸರ್ ಎಂದು ತಿಳಿದ ಮೇಲೂ ಇನ್ನೊಂದು ಹೆದರಿಕೆ ಮನೆಯನ್ನು ಹಿಡಿಯುತ್ತದೆ: ಹೊಟ್ಟೆಯ ನೀರು ತೆಗೆಸಿದರೆ ಶಕ್ತಿ ಸೋರಿಹೋಗುತ್ತದೆ, ಒಮ್ಮೆ ತೆಗೆಸಿದರೆ ಮತ್ತೆ ಮತ್ತೆ ತೆಗೆಸಬೇಕಾಗುತ್ತದೆ, ಅಲ್ಲಿಗೆ ಕಥೆ ಮುಗಿದಂತೆ ಎಂಬ ಹೆದರಿಕೆ. ರೋಗಿಯೋ ಕೂರಲಾರದೆ, ಮಲಗಲಾರದೆ ಉಸಿರಿಗಾಗಿ ಒದ್ದಾಡುತ್ತಿರುತ್ತಾರೆ.

ಈ ಹೆದರಿಕೆಯಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಉತ್ತರ ಬೇಕಾದರೆ ಮೊದಲು ಆ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು. ಅದು ಪ್ರೌಢಶಾಲೆಯ ವಿಜ್ಞಾನಕ್ಕೆ ಎಟುಕದ ವಿಷಯವೇನೂ ಅಲ್ಲ.

ನಲ್ಲಿ ಮತ್ತು ಮೋರಿ

ನಮ್ಮ ಉದರದ ಒಳಗೋಡೆಗೂ ಕರುಳು, ಜಠರ, ಯಕೃತ್ತುಗಳ ಮೈಗೂ ಒಂದು ತೆಳುವಾದ, ನುಣುಪಾದ ಪೊರೆ ಹೊದಿಸಿದೆ. ಇದೇ ಉದರಪೊರೆ, ಪೆರಿಟೋನಿಯಂ. ಇದರ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ನಮ್ಮ ಇಡೀ ಮೈಚರ್ಮದಷ್ಟು ವಿಸ್ತಾರವಾಗುತ್ತದೆ. ಈ ಪೊರೆಗಳ ನಡುವೆ ಆರೋಗ್ಯವಂತರಲ್ಲೂ ಸ್ವಲ್ಪ ದ್ರವವಿರುತ್ತದೆ. ಒಂದೆರಡು ಚಮಚ, ಅಷ್ಟೆ. ಕರುಳಿನ ಸುರುಳಿಗಳು ಒಂದರ ಮೇಲೊಂದು ಉಜ್ಜದೆ ಜಾರಲು ಅದು ಎಣ್ಣೆಯ ಹಾಗೆ ಒದಗುತ್ತದೆ.

ದ್ರವ ನಿಂತ ನೀರಲ್ಲ. ಸೂಕ್ಷ್ಮ ರಕ್ತನಾಳಗಳಿಂದ ಅದು ಸದಾ ಒಸರುತ್ತಿರುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ವಪೆಯ ಅಡಿಯಲ್ಲಿರುವ ದುಗ್ಧರಸ ನಾಳಗಳ ಮೂಲಕ ಸದಾ ಹೀರಿಹೋಗುತ್ತಿರುತ್ತದೆ. ಬೆಂಗಳೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮಳೆ ಹೆಚ್ಚಾದರೂ ರಸ್ತೆಯಲ್ಲಿ ನೀರು, ರಾಜಕಾಲುವೆ ಕಟ್ಟಿಕೊಂಡರೂ ರಸ್ತೆಯಲ್ಲಿ ನೀರು. ಎರಡೂ ಒಟ್ಟಿಗೆ ಆದರೆ ಮೈಸೂರು ರಸ್ತೆಯ ಬದಿಯ ವೃಷಭಾವತಿ ಏನಾಗುತ್ತದೆ ಎಂದು ಪಡುವಣ ಬೆಂಗಳೂರಿನ ಮಕ್ಕಳೆಲ್ಲ ನೋಡಿರುತ್ತಾರೆ.

ಕ್ಯಾನ್ಸರ್ ಮಾಡುವುದು ಇದನ್ನೇ. ಅಂಡಾಶಯ, ಜಠರ, ದೊಡ್ಡ ಕರುಳು, ಮೇದೋಜೀರಕ ಗ್ರಂಥಿ, ಸ್ತನ ಇವುಗಳಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಗಳು ಬೀಜ ಚೆಲ್ಲಿದಂತೆ ಉದರಪೊರೆಯ ಮೇಲೆ ಹರಡಬಹುದು. ಅವುಗಳಲ್ಲಿ ಕೆಲವು ವಪೆಯ ಅಡಿಯ ದುಗ್ಧನಾಳಗಳ ಬಾಯಿಗೆ ಕೂತು ಮೋರಿಯನ್ನು ಮುಚ್ಚುತ್ತವೆ. ನಲ್ಲಿಯನ್ನು ತೆರೆಯುವ ಬಗೆ ಇನ್ನೂ ಕುತೂಹಲದ್ದು. ರಕ್ತನಾಳದೊಳಗಿನ ಒತ್ತಡ ನೀರನ್ನು ಹೊರಕ್ಕೆ ನೂಕುತ್ತದೆ. ರಕ್ತದಲ್ಲಿರುವ ಆಲ್ಬ್ಯುಮಿನ್ ಎಂಬ ಪ್ರೋಟೀನು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಉಪ್ಪು ಬೆರೆಸಿದ ಮಾವಿನ ಹೋಳು ರಾತ್ರಿ ಬೆಳಗಾಗುವುದರೊಳಗೆ ನೀರು ಬಿಟ್ಟಿರುತ್ತದಲ್ಲ, ಆ ಎಳೆತಕ್ಕೆ ಹತ್ತಿರದ್ದೇ ಇದು. ನೂಕು ಮತ್ತು ಎಳೆತಗಳ ಈ ಲೆಕ್ಕವನ್ನು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲೇ ವಿವರಿಸಿದ್ದ. 1983ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡೊನಾಲ್ಡ್ ಸೆಂಗರ್, ಹೆರಾಲ್ಡ್ ಡ್ವೊರಾಕ್ ಮತ್ತು ಸಂಗಡಿಗರು ಗಿನಿಪಿಗ್, ಹ್ಯಾಮ್‌ಸ್ಟರ್, ಇಲಿಗಳ ಕ್ಯಾನ್ಸರ್ ನೀರನ್ನು ಪರೀಕ್ಷಿಸುತ್ತ ಒಂದು ವಸ್ತುವನ್ನು ಗುರುತಿಸಿದರು. ಕ್ಯಾನ್ಸರ್ ಕೋಶಗಳೇ ಸ್ರವಿಸುವ ಆ ಪ್ರೋಟೀನು ಸಣ್ಣ ರಕ್ತನಾಳಗಳ ಗೋಡೆಯನ್ನು ಜರಡಿಯಂತೆ ಸೋರಿಸುತ್ತಿತ್ತು. ಗೋಡೆಯೇ ಜರಡಿಯಾದರೆ ನೀರಿನ ಜೊತೆ ಆಲ್ಬ್ಯುಮಿನ್ನೂ ಹೊರಬೀಳುತ್ತದೆ. ಹೊರಬಿದ್ದ ಆಲ್ಬ್ಯುಮಿನ್ ಇನ್ನಷ್ಟು ನೀರನ್ನು ತನ್ನತ್ತ ಎಳೆಯುತ್ತದೆ. ಹೊಸ ರಕ್ತನಾಳಗಳನ್ನು ಬೆಳೆಸುವ ವಸ್ತುವೂ ಇದೇ ಎಂದು ಮುಂದೆ ತಿಳಿದು, ವಿ.ಇ.ಜಿ.ಎಫ್. ಎಂಬ ಹೆಸರು ಬಂತು.

ಮೂರನೆಯ ದಾರಿಯೂ ಉಂಟು. ಕ್ಯಾನ್ಸರ್ ಯಕೃತ್ತಿಗೆ ಹಬ್ಬಿದಾಗ ಕರುಳಿನಿಂದ ಅಲ್ಲಿಗೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯಲ್ಲಿ ಒತ್ತಡ ಏರಿ, ನೀರು ಹಿಂದಕ್ಕೆ ಸೋರುತ್ತದೆ. ಚಿಕಿತ್ಸೆಯ ದೃಷ್ಟಿಯಿಂದ ಈ ವ್ಯತ್ಯಾಸ ಬಹಳ ಮುಖ್ಯ.

ನೀರೆಲ್ಲ ಕ್ಯಾನ್ಸರ್ ಅಲ್ಲ

ಹೊಟ್ಟೆಯಲ್ಲಿ ನೀರು ಎಂದೊಡನೆ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಕಾಗಿಲ್ಲ. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಇಂತಹ ನೂರು ಜನರಲ್ಲಿ ಸುಮಾರು 80 ಮಂದಿಗೆ ಕಾರಣ ಗಟ್ಟಿಯಾಗಿ ಗಾಯಗಟ್ಟಿದ ಯಕೃತ್ತು, ಅಂದರೆ ಸಿರೋಸಿಸ್. ಕ್ಯಾನ್ಸರಿನ ಪಾಲು ಸುಮಾರು 10. ನಮ್ಮ ದೇಶದಲ್ಲಿ ಇನ್ನೊಂದು ಹೆಸರನ್ನು ಮರೆಯುವಂತಿಲ್ಲ: ಹೊಟ್ಟೆಯ ಕ್ಷಯ. ಇದೂ ಹೊಟ್ಟೆಯಲ್ಲಿ ನೀರು ತುಂಬಿಸುತ್ತದೆ, ತೂಕ ಇಳಿಸುತ್ತದೆ. ಅಷ್ಟೇ ಅಲ್ಲ, ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿಯನ್ನೂ ಏರಿಸಿ ವೈದ್ಯರನ್ನೇ ಗೊಂದಲಕ್ಕೆ ಕೆಡವುತ್ತದೆ. ಕ್ಷಯವಾದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿ ಪೂರ್ತಿ ಗುಣವಾಗಬಹುದು. ಒಂದೇ ರಕ್ತಪರೀಕ್ಷೆಯ ಕಾಗದ ಹಿಡಿದು ಮನೆಮಂದಿ ಅಳುವುದಕ್ಕೆ ಮೊದಲು ನೀರಿನ ಪರೀಕ್ಷೆ ಆಗಲೇಬೇಕು ಎನ್ನುವುದು ಇದಕ್ಕೇ.

ವೈದ್ಯರು ಹೊಟ್ಟೆಯ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿನಿಂದ ತಟ್ಟುವುದನ್ನು ನೋಡಿರಬಹುದು. 1761ರಲ್ಲಿ ಈ ತಟ್ಟು ವಿದ್ಯೆಯನ್ನು ಪುಸ್ತಕವಾಗಿ ಬರೆದ ವಿಯೆನ್ನಾದ ಅವೆನ್‌ಬ್ರುಗ್ಗರ್ ಒಬ್ಬ ಹೋಟೆಲಿನವನ ಮಗ. ದ್ರಾಕ್ಷಾರಸದ ಪೀಪಾಯಿಗಳನ್ನು ತಟ್ಟಿ ಎಲ್ಲಿಯವರೆಗೆ ತುಂಬಿದೆ ಎಂದು ತಿಳಿಯುವುದನ್ನು ಬಾಲ್ಯದಲ್ಲೇ ಕಂಡಿದ್ದನಂತೆ. ಆದರೆ ತಟ್ಟಿ ತಿಳಿಯಲು ಸುಮಾರು ಒಂದೂವರೆ ಲೀಟರ್ ನೀರಾದರೂ ಸೇರಿರಬೇಕು. ಅಲ್ಟ್ರಾಸೌಂಡ್ ಸ್ಕ್ಯಾನಿಗೆ 100 ಮಿಲಿಲೀಟರ್ ಸಾಕು. ಸ್ಕ್ಯಾನಿನಲ್ಲಿ ನೀರು ಕಂಡ ಮೇಲೆ ಸೂಜಿಯಿಂದ ಸ್ವಲ್ಪ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಕ್ಯಾನ್ಸರ್ ಕೋಶಗಳನ್ನು ಹುಡುಕುತ್ತಾರೆ, ಸೋಂಕನ್ನು ನೋಡುತ್ತಾರೆ, ಕ್ಷಯದ ಸುಳಿವು ಕೊಡುವ ಎ.ಡಿ.ಎ. ಎಂಬ ಕಿಣ್ವವನ್ನು ಅಳೆಯುತ್ತಾರೆ.

ಇನ್ನೊಂದು ಪರೀಕ್ಷೆ ಬರೀ ಕಳೆಯುವ ಲೆಕ್ಕ. ಒಂದೇ ದಿನ ತೆಗೆದ ರಕ್ತದ ಆಲ್ಬ್ಯುಮಿನ್‌ನಿಂದ ಹೊಟ್ಟೆ ನೀರಿನ ಆಲ್ಬ್ಯುಮಿನ್ ಕಳೆಯಬೇಕು. ರಕ್ತದಲ್ಲಿ 100 ಮಿಲಿಲೀಟರಿಗೆ 3.2 ಗ್ರಾಂ, ನೀರಿನಲ್ಲಿ 2.6 ಗ್ರಾಂ ಇದೆ ಎನ್ನಿ, ಉಳಿಯುವುದು 0.6. ಇನ್ನೊಬ್ಬರಿಗೆ ರಕ್ತದಲ್ಲಿ 3.0, ನೀರಿನಲ್ಲಿ 1.2, ಉಳಿಯುವುದು 1.8. ಗಡಿ 1.1. ಅದಕ್ಕೆ ಸಮ ಅಥವಾ ಮೇಲಿದ್ದರೆ ಯಕೃತ್ತಿನ ಒತ್ತಡದಿಂದ ಬಂದ ನೀರು. ಕೆಳಗಿದ್ದರೆ ಬಹುಮಟ್ಟಿಗೆ ಪೊರೆಯೇ ಕೆಟ್ಟು ಬಂದ ನೀರು. ನಾಲ್ಕನೇ ತರಗತಿಯ ವ್ಯವಕಲನ ಒಬ್ಬರ ಊಟದ ತಟ್ಟೆಯನ್ನೇ ಬದಲಾಯಿಸಬಲ್ಲದು.

ಉಪ್ಪಿಲ್ಲದ ಊಟದ ಶಿಕ್ಷೆ

ಹೇಗೆಂದರೆ, ಹೊಟ್ಟೆಯಲ್ಲಿ ನೀರು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಉಪ್ಪು ನಿಲ್ಲಿಸುತ್ತಾರೆ, ಕುಡಿಯುವ ನೀರಿಗೂ ಲೋಟದ ಲೆಕ್ಕ ಹಾಕುತ್ತಾರೆ. ಸಿರೋಸಿಸ್‌ಗೆ ಉಪ್ಪು ಕಡಿಮೆ ಮಾಡುವುದು ಸರಿಯಾದ ಚಿಕಿತ್ಸೆ. ಅಲ್ಲಿ ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತವೆ, ಉಪ್ಪಿನ ಹಿಂದೆ ನೀರು ಬರುತ್ತದೆ. ಸ್ಪೈರೊನೊಲ್ಯಾಕ್ಟೋನ್‌ನಂತಹ ಮೂತ್ರ ಹೆಚ್ಚಿಸುವ ಮಾತ್ರೆಗಳೂ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಕ್ಯಾನ್ಸರ್ ಯಕೃತ್ತಿಗೆ ಹಬ್ಬಿ ಒತ್ತಡ ಏರಿದವರಿಗೂ ಅವು ನೆರವಾಗಬಹುದು. ಆದರೆ ಉದರಪೊರೆಯೇ ಕ್ಯಾನ್ಸರಿನಿಂದ ಸೋರುತ್ತಿದ್ದರೆ? ಅಲ್ಲಿ ಉಪ್ಪು ಬಿಟ್ಟರೂ ಮೋರಿ ತೆರೆಯುವುದಿಲ್ಲ. ಕ್ಯಾನ್ಸರಿನ ನೀರಿಗೆ ಮಾತ್ರೆ ಕೊಟ್ಟು ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿದರೆ ಹತ್ತರಲ್ಲಿ ನಾಲ್ಕೈದು ಮಂದಿಗೆ ಮಾತ್ರ ಗುಣ ಕಂಡಿದೆ. ಕೆಲವರಿಗೆ ಮಾತ್ರೆಯಿಂದ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ ಬೇರೆ.

ಮೊದಲೇ ಹಸಿವಿಲ್ಲದ, ಬಾಯಿರುಚಿ ಸತ್ತ ರೋಗಿಗೆ ಉಪ್ಪಿಲ್ಲದ ಸಾರು ಬಡಿಸುವುದು ಕೆಲವೊಮ್ಮೆ ಚಿಕಿತ್ಸೆಯಲ್ಲ, ಶಿಕ್ಷೆ. ಹಾಗೆಂದು ತಾವೇ ತೀರ್ಮಾನಿಸಿ ಉಪ್ಪಿನಕಾಯಿ ಜಾಡಿ ತೆರೆಯಬೇಡಿ. ‘ಇವರ ನೀರು ಯಕೃತ್ತಿನದೋ, ಪೊರೆಯದೋ? ಉಪ್ಪು ನಿಜವಾಗಿ ಬಿಡಬೇಕೆ?’ ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೇಳುವುದರಲ್ಲಿ ಅಗೌರವವಿಲ್ಲ.

ಸುಶ್ರುತನ ನಳಿಕೆ

ಇನ್ನು ನೀರು ತೆಗೆಯುವ ವಿಷಯ. ಇದು ಇಂದು ನಿನ್ನೆಯ ಉಪಾಯವಲ್ಲ. ಸತ್ಯ ಹರಿಶ್ಚಂದ್ರನ ನಾಟಕ ನೋಡಿ ಕಣ್ಣೀರು ಹಾಕಿದವರಿಗೂ ಅವನಿಗೆ ಜಲೋದರವಾಗಿತ್ತು ಎಂದು ಗೊತ್ತಿರಲಾರದು. ಐತರೇಯ ಬ್ರಾಹ್ಮಣದ ಕಥೆಯಲ್ಲಿ, ಮಗನನ್ನು ಒಪ್ಪಿಸುವ ಮಾತು ತಪ್ಪಿದ್ದಕ್ಕೆ ವರುಣ ಅವನನ್ನು ಹಿಡಿಯುತ್ತಾನೆ, ಹೊಟ್ಟೆ ಊದುತ್ತದೆ. ನೀರಿನ ದೇವತೆ ಕೊಟ್ಟ ಶಿಕ್ಷೆ ಹೊಟ್ಟೆಯ ನೀರು! ಸುಶ್ರುತ ಸಂಹಿತೆ ಮಾತ್ರ ದೇವತೆಯ ಗೊಡವೆಗೆ ಹೋಗದೆ ಕೈಕೆಲಸ ಹೇಳುತ್ತದೆ. ಹೊಕ್ಕುಳ ಕೆಳಗೆ, ಎಡಕ್ಕೆ, ನಡುಗೆರೆಯಿಂದ ನಾಲ್ಕು ಬೆರಳು ಬಿಟ್ಟು, ಭತ್ತದ ಮೊನೆಯಂತಹ ಶಸ್ತ್ರದಿಂದ ಚುಚ್ಚಿ, ನಳಿಕೆ ತೂರಿಸಿ ನೀರು ಹರಿಸಬೇಕು; ಎಲ್ಲವನ್ನೂ ಒಂದೇ ದಿನ ತೆಗೆಯಬಾರದು; ಆಮೇಲೆ ಹೊಟ್ಟೆಗೆ ಬಟ್ಟೆ ಸುತ್ತಬೇಕು. ಇಂದಿನ ವೈದ್ಯರೂ ಬಹುತೇಕ ಹೊಟ್ಟೆಯ ಎಡ ಕೆಳಭಾಗವನ್ನೇ ಆರಿಸುತ್ತಾರೆ ಎಂಬುದು ಗಮನಿಸತಕ್ಕದ್ದು. ಸಂಗೀತಗಾರ ಬೀಥೋವನ್‌ಗೂ 1826ರ ಡಿಸೆಂಬರಿನಿಂದ ಮುಂದಿನ ಫೆಬ್ರವರಿಯೊಳಗೆ ನಾಲ್ಕು ಬಾರಿ ಹೀಗೆ ನೀರು ತೆಗೆದಿದ್ದರು. ಅವನದು ಯಕೃತ್ತಿನ ಕಾಯಿಲೆ. ಆಗ ರೋಗಾಣುಗಳ ಅರಿವಿರಲಿಲ್ಲ. ಚುಚ್ಚಿದ ಗಾಯ ಕೀವಾಯಿತು.

ಇಂದು ವಾರ್ಡುಗಳಲ್ಲಿ ಇದನ್ನು ‘ಟ್ಯಾಪ್ ಮಾಡುವುದು’ ಎನ್ನುತ್ತಾರೆ. ಸ್ಕ್ಯಾನ್ ನೋಡಿ ಕರುಳು ಅಡ್ಡಬಾರದ ಜಾಗ ಗುರುತಿಸಿ, ಚರ್ಮ ಶುಚಿಗೊಳಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಪೂರ ನಳಿಕೆ ತೂರಿಸುತ್ತಾರೆ. ಕೆಲವು ಗಂಟೆಗಳಲ್ಲಿ ನಾಲ್ಕೈದು ಲೀಟರ್ ಹರಿದುಹೋಗುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಐದು ಕಿಲೋ ಅಕ್ಕಿ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡು ಮಲಗಿದವರಿಗೆ ಅದನ್ನು ಬಿಚ್ಚಿದಂತೆ. ವಪೆ ಮತ್ತೆ ಕೆಳಗಿಳಿಯುತ್ತದೆ, ಉಸಿರು ತುಂಬುತ್ತದೆ, ಜಠರಕ್ಕೆ ಜಾಗ ಸಿಗುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಇದರಿಂದ ಆರಾಮ ಸಿಗುತ್ತದೆ ಎನ್ನುತ್ತವೆ ವೈದ್ಯಕೀಯ ವರದಿಗಳು.

ಈಗ ಆ ಹೆದರಿಕೆಗಳಿಗೆ ಬರೋಣ. ಮತ್ತೆ ತುಂಬುತ್ತದೆಯೇ? ಹೌದು, ಹಲವರಿಗೆ ಒಂದೆರಡು ವಾರದೊಳಗೆ ತುಂಬುತ್ತದೆ. ಆದರೆ ಅದು ತೆಗೆದದ್ದರಿಂದ ತುಂಬಿದ್ದಲ್ಲ. ನಲ್ಲಿ ತೆರೆದೇ ಇರುವುದರಿಂದ ತುಂಬಿದ್ದು. ತೆಗೆಯದಿದ್ದರೂ ತುಂಬುತ್ತಲೇ ಇರುತ್ತಿತ್ತು. ಶಕ್ತಿ ಹೋಗುತ್ತದೆಯೇ? ಇದರಲ್ಲಿ ಸ್ವಲ್ಪ ನಿಜವಿದೆ. ಆ ನೀರಿನಲ್ಲಿ ಪ್ರೋಟೀನು ಇರುತ್ತದೆ, ಪದೇ ಪದೇ ತೆಗೆದಾಗ ಅದೂ ಹೋಗುತ್ತದೆ. ಆದರೆ ಹೊಟ್ಟೆಯಲ್ಲಿ ಕೆರೆಯಾಗಿ ನಿಂತ ಪ್ರೋಟೀನು ಮೈಗೆ ಆಗಲೇ ಸುಲಭವಾಗಿ ಒದಗುತ್ತಿರಲಿಲ್ಲ. ನೀರು ಇಳಿದ ಮೇಲೆ ರೋಗಿ ನಾಲ್ಕು ತುತ್ತು ಹೆಚ್ಚು ಉಂಡರೆ ಅದೂ ಲೆಕ್ಕಕ್ಕೆ ಬರಬೇಕಲ್ಲವೆ? ಅಪಾಯವೇ ಇಲ್ಲವೆಂದಲ್ಲ. ರಕ್ತದೊತ್ತಡ ಕುಸಿಯಬಹುದು, ಸೋಂಕು ತಗಲಬಹುದು, ಅಪರೂಪಕ್ಕೆ ಕರುಳಿಗೆ ಪೆಟ್ಟಾಗಬಹುದು, ಚುಚ್ಚಿದ ಜಾಗ ಒಂದೆರಡು ದಿನ ಜಿನುಗಬಹುದು. ಸಿರೋಸಿಸ್ ರೋಗಿಗೆ ಐದು ಲೀಟರಿಗಿಂತ ಹೆಚ್ಚು ತೆಗೆದರೆ ನರದ ಮೂಲಕ ಆಲ್ಬ್ಯುಮಿನ್ ಕೊಡುವುದು ರೂಢಿ. ಕ್ಯಾನ್ಸರಿನ ನೀರಿಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ವಾರವಾರವೂ ಆಸ್ಪತ್ರೆಗೆ ಓಡುವುದು ಕಷ್ಟವಾದವರಿಗೆ ನಳಿಕೆಯನ್ನು ಹೊಟ್ಟೆಯಲ್ಲೇ ಬಿಡುವ ಪದ್ಧತಿ ಇದೆ. ಚರ್ಮದಡಿ ಸ್ವಲ್ಪ ದೂರ ಸುರಂಗದಂತೆ ಸಾಗಿಸಿದ ಮೃದು ನಳಿಕೆಯ ಹೊರತುದಿಯನ್ನು ಮುಚ್ಚಿಟ್ಟು, ಬೇಕಾದಾಗ ಮನೆಯಲ್ಲೇ ಬಾಟಲಿಗೆ ಒಂದೆರಡು ಲೀಟರ್ ಇಳಿಸಬಹುದು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ‘ನೈಸ್’ 2012ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇಲ್ಲಿ ಅದು ದುಬಾರಿಯಾದ್ದರಿಂದ ಹಂದಿಬಾಲದಂತೆ ಸುತ್ತಿಕೊಳ್ಳುವ ‘ಪಿಗ್‌ಟೇಲ್’ ನಳಿಕೆಯನ್ನು ಬಳಸುವುದುಂಟು. ಯಾವುದಾದರೂ ಸರಿ, ಮುಟ್ಟುವ ಮೊದಲು ಸೋಪು ಹಾಕಿ ಕೈತೊಳೆಯದಿದ್ದರೆ ಕೀವು ಖಂಡಿತ ಎಂದೇ ತಿಳಿಯಬೇಕು.

ಇಷ್ಟೆಲ್ಲ ನೀರಿನ ಮಾತು. ನಲ್ಲಿಯನ್ನೇ ನಿಲ್ಲಿಸುವುದು ಸಾಧ್ಯವಿದ್ದಾಗ ಅದೇ ಮೊದಲ ಕೆಲಸ. ಅಂಡಾಶಯದ ಕ್ಯಾನ್ಸರಿನಲ್ಲಿ ಇದು ಹಲವು ಬಾರಿ ಸಾಧ್ಯ. ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಔಷಧಿಗಳು ಹಿಡಿದರೆ ಕೆಲವು ವಾರಗಳಲ್ಲಿ ನೀರು ತಾನೇ ಬತ್ತುತ್ತದೆ, ಶಸ್ತ್ರಚಿಕಿತ್ಸೆಗೂ ದಾರಿಯಾಗುತ್ತದೆ. ಡ್ವೊರಾಕ್ ತಂಡ ಕಂಡ ಆ ಪ್ರೋಟೀನನ್ನೇ ಕಟ್ಟಿಹಾಕುವ ಬೆವಾಸಿಜುಮಾಬ್ ಎಂಬ ಔಷಧಿಯೂ ಬಂದಿದೆ. ಹೊಟ್ಟೆ ದೊಡ್ಡದಾಗಿದೆ ಎಂಬ ಕಾರಣಕ್ಕೇ ‘ಕೊನೆಯ ಹಂತ’ ಎಂದು ಚಿಕಿತ್ಸೆ ಬಿಟ್ಟು ಊರಿಗೆ ಕರೆದೊಯ್ಯುವುದು ಇಂತಹವರ ಪಾಲಿಗೆ ಅನ್ಯಾಯ. ಐವತ್ತರ ಆಸುಪಾಸಿನ ಹೆಂಗಸರಲ್ಲಿ ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು ಎರಡು ಮೂರು ವಾರ ಬಿಡದೆ ಕಾಡಿದರೆ ಕಷಾಯ ನಿಲ್ಲಿಸಿ ಸ್ಕ್ಯಾನ್ ಮಾಡಿಸಬೇಕು. ಪರೀಕ್ಷೆ ಮುಗಿಯುವವರೆಗೆ ಕಾಯಬಾರದು.

ಮನೆಯೊಳಗಿನ ಕೆಲಸ

ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಗೆ ಒಂದು ನೋಟ್‌ಪುಸ್ತಕ, ಟೈಲರ್ ಟೇಪು ಕೊಡಬಹುದು. ದಿನವೂ ಒಂದೇ ಹೊತ್ತಿಗೆ, ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ, ಸಾಧ್ಯವಾದರೆ ತೂಕ, ತೆಗೆದ ನೀರೆಷ್ಟು, ಬಣ್ಣ ಯಾವುದು ಎಂದು ಬರೆದಿಟ್ಟರೆ ಮುಂದಿನ ಸಲ ಯಾವಾಗ ತೆಗೆಸಬೇಕು ಎನ್ನುವುದನ್ನು ವೈದ್ಯರು ಊಹಿಸಬೇಕಾಗುವುದಿಲ್ಲ. ಉಸಿರುಗಟ್ಟುವವರೆಗೆ ಕಾಯುವುದೂ ತಪ್ಪುತ್ತದೆ. ದೊಡ್ಡವರು ಪಿಸುಗುಟ್ಟಿ ಮಾತಾಡುತ್ತ ಮಕ್ಕಳನ್ನು ಹೊರಗಿಟ್ಟರೆ ಅವರು ಪುಸ್ತಕ ತೆರೆದು ಕೂತಿದ್ದರೂ ಓದುವುದಿಲ್ಲ. ತಿಳಿಯುವಷ್ಟನ್ನು ಹೇಳಿ, ಒಂದು ಕೆಲಸ ಕೊಡುವುದು ಮೇಲು.

ರೋಗಿಯನ್ನು ಚಪ್ಪಟೆ ಮಲಗಿಸದೆ ಬೆನ್ನಿಗೆ ದಿಂಬು ಒರಗಿಸಿ ಅರ್ಧ ಕೂತಂತೆ ಇರಿಸಿದರೆ ಉಸಿರು ಹಗುರ. ಮೂರು ಹೊತ್ತಿನ ಊಟದ ಬದಲು ಎರಡೆರಡು ಗಂಟೆಗೊಮ್ಮೆ ಸ್ವಲ್ಪ ರಾಗಿ ಗಂಜಿ, ಬೇಳೆಯ ಕಟ್ಟು, ಮೊಸರನ್ನ, ತಿನ್ನುವವರಾದರೆ ಮೊಟ್ಟೆ. ಬೇಡವೆಂದರೆ ಬಲವಂತ ಬೇಡ. ಬಿಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ, ಸೀರೆಯ ಬದಲು ಸಡಿಲವಾದ ನೈಟಿ. ಜ್ವರ, ಹೊಟ್ಟೆಯ ತೀವ್ರ ನೋವು, ನಿಲ್ಲದ ವಾಂತಿ, ಮೂತ್ರ ತೀರ ಕಡಿಮೆಯಾಗುವುದು, ಕಲಕಿದಂತಹ ಅಥವಾ ರಕ್ತದ ನೀರು, ಮಂಪರು ಇವು ಕಂಡರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಬೇಕು.

ವಿಜಯನಗರದಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ನಿಮ್ಹಾನ್ಸ್ ಪಕ್ಕದಲ್ಲಿ, 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. 2015ರಿಂದ ಬಡಾವಣೆಗೆ ಮೆಟ್ರೊ ಇದ್ದರೂ ಏದುಸಿರಿನ ರೋಗಿಗೆ ಮೆಟ್ಟಿಲು, ರೈಲು ಬದಲಾವಣೆ ಕಷ್ಟವೇ. ರೋಗ ನಿರ್ಣಯ, ಕಿಮೋಥೆರಪಿ ಅಲ್ಲಿ ನಡೆದರೂ ಪ್ರತಿ ಸಲದ ಟ್ಯಾಪಿಂಗ್ ಅಲ್ಲೇ ಆಗಬೇಕೆಂದಿಲ್ಲ. ಸ್ಕ್ಯಾನ್ ಸೌಕರ್ಯ, ಅನುಭವಸ್ಥ ವೈದ್ಯರು ಇರುವ ಹತ್ತಿರದ ಆಸ್ಪತ್ರೆಯಲ್ಲಿ ಮಾಡಿಸಬಹುದೇ ಎಂದು ಕೇಳಿ, ಒಂದು ಚೀಟಿ ಬರೆಸಿಕೊಂಡರೆ ಅನುಕೂಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವಿಗೆ ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ಔಷಧಿಗಳೆಲ್ಲ ಸೋತ ಮೇಲೂ ಮಾಡಬೇಕಾದದ್ದು ಉಳಿದಿರುತ್ತದೆ. ನೋವಿಗೆ, ಉಸಿರಿನ ಸಂಕಟಕ್ಕೆ ಮಾರ್ಫಿನ್ ಮಾತ್ರೆಗಳಿವೆ. ಅದು ಆಸ್ಪತ್ರೆಗಳಲ್ಲಿ ಸಿಗುವುದನ್ನು ಕಷ್ಟವಾಗಿಸಿದ್ದ ಕಾನೂನನ್ನು 2014ರಲ್ಲಿ ಸಡಿಲಿಸಲಾಯಿತು. ನಗರದ ಇನ್ನೊಂದು ತುದಿಯಲ್ಲಿ, ಮಾರತ್ತಹಳ್ಳಿಯ ಬಳಿ ಕರುಣಾಶ್ರಯವಿದೆ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಕ್ಲಬ್ ಸೇರಿ 1994ರಲ್ಲಿ ಟ್ರಸ್ಟ್ ಕಟ್ಟಿದವು. 1999ರಲ್ಲಿ ಅದರ ಆಶ್ರಯಧಾಮ ತೆರೆಯಿತು. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ, ಮನೆಗೆ ಬಂದು ಆರೈಕೆ ಮಾಡುವ ತಂಡಗಳೂ ಇವೆ. ಕೊನೆಯ ಕೆಲವು ದಿನಗಳಲ್ಲಿ, ರೋಗಿ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುವಾಗ, ಸೂಜಿಯ ನೋವಿಗಿಂತ ಔಷಧಿಯ ನೆಮ್ಮದಿಯೇ ಸಾಕು ಎಂದು ಇಂತಹ ವೈದ್ಯರು ಹೇಳಬಹುದು. ಅಲ್ಲಿಯವರೆಗೆ, ತೆಗೆಸಬೇಕೆ ಬೇಡವೆ ಎಂದು ಮೊದಲು ಕೇಳಬೇಕಾದದ್ದು ನೆಂಟರನ್ನಲ್ಲ, ಆ ಹೊಟ್ಟೆ ಹೊತ್ತು ಕೂತವರನ್ನು.